ಬೊಂಬೆ ಹಲಗೆಯ ಬಾಗು

ಬೀಮುಗಳ ವಿಷಯದಲ್ಲಿ ನನ್ನ ಮುಂದೆ ಯಾರೂ ಬಾಲ ಬಿಚ್ಚುವ ಹಾಗಿಲ್ಲ. ಇದನ್ನು ಜಂಬ ಅಂತ ಬೇಕಾದರೆ ಅನ್ನಿ, ನನಗೇನೂ ಬೇಜಾರಿಲ್ಲ. ಪಾಲಿಟೆಕ್ನಿಕ್ಕಿನಲ್ಲಿ ಸಿವಿಲ್ ವಿದ್ಯಾರ್ಥಿಗಳಿಗೆ ಪಾಠ ಹೇಳಿ ಹೇಳಿಯೇ ತಲೆ ನರೆಸಿಕೊಂಡವಳು ನಾನು. ನಿವೃತ್ತಿಯಾದ ಮಾರನೆಯ ವಾರವೇ ಸರಸ್ವತಿಪುರಂನ ನಮ್ಮ ಮನೆಯ ವರಾಂಡದಲ್ಲಿ ಒಂದು ಕರಿಬೋರ್ಡು ನೇತುಹಾಕಿ ಟ್ಯೂಷನ್ ಶುರುಮಾಡಿದೆ. ನಮ್ಮ ರಸ್ತೆಯಲ್ಲಿ ಮೂರು ಮನೆಗೊಂದು ಟ್ಯುಟೋರಿಯಲ್ಲು. ಅವುಗಳ ನಡುವೆ ನನ್ನದಕ್ಕೆ ಹೆಸರೂ ಇಲ್ಲ, ಫಲಕವೂ ಇಲ್ಲ. ಬೀಮ್ ಮೇಡಂ ಮನೆ ಯಾವುದು ಅಂತ ಕೇಳಿದರೆ ಮೂಲೆಯ ಆಟೋದವರು ಕೈ ತೋರಿಸುತ್ತಾರೆ. ಅಷ್ಟು ಸಾಕು.

ಬೀಮು ಅಂದರೆ ತೊಲೆ. ಎರಡು ಗೋಡೆಗಳ ಮೇಲೆ ಒಂದು ತೊಲೆ ಇಟ್ಟು ಭಾರ ಹೇರಿದರೆ, ಕಣ್ಣಿಗೆ ಕಾಣಲಿ ಬಿಡಲಿ, ಅದು ಬಾಗಿಯೇ ಬಾಗುತ್ತದೆ. ಯಾವ ಜಾಗದಲ್ಲಿ ಎಷ್ಟು ಕೆಳಗಿಳಿಯಿತು ಅನ್ನುವುದು ಒಂದು ಲೆಕ್ಕ, ಅದು ಡಿಫ್ಲೆಕ್ಷನ್. ಅದೇ ಜಾಗದಲ್ಲಿ ಎಷ್ಟು ಓರೆಯಾಯಿತು ಅನ್ನುವುದು ಇನ್ನೊಂದು ಲೆಕ್ಕ, ಅದು ಸ್ಲೋಪ್. ಮೊದಲು ಸ್ಲೋಪ್ ಹಿಡಿಯಬೇಕು, ಅದರ ಹೆಗಲೇರಿ ಡಿಫ್ಲೆಕ್ಷನ್‌ಗೆ ಹೋಗಬೇಕು. ಹೋಗುವ ದಾರಿಯಲ್ಲಿ ಒಂದು ಪ್ರಶ್ನೆ ಕಾದು ನಿಂತಿರುತ್ತದೆ: ಈ ತೊಲೆಯಲ್ಲಿ ಯಾವುದು ಎಲ್ಲಿ ಸೊನ್ನೆ? ಅಲ್ಲಿ ಎಡವಿದರೆ ಮುಂದಿನ ಎರಡು ಪುಟ ಎಷ್ಟು ಮುತ್ತಿನಂಥ ಅಕ್ಷರದಲ್ಲಿ ಬರೆದರೂ ಗೋವಿಂದ. ವರ್ಷವರ್ಷವೂ ಅರ್ಧ ತರಗತಿ ಎಡವುತ್ತಿದ್ದುದು ಅಲ್ಲೇ.

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ನಾನು ಪಾಠ ಮಾಡುವುದನ್ನು ಕೇಳಿಕೊಂಡು ರಸ್ತೆಯ ತುದಿಯ ಬಸ್‌ಸ್ಟಾಪಿನಲ್ಲಿ ನಿಂತವರಿಗೂ ಪಾಸ್ ಮಾರ್ಕು ಬರಬೇಕು ಅಂತ ನಮ್ಮತ್ತೆ ಆಡಿಕೊಳ್ಳುತ್ತಾರೆ. ಎಂಬತ್ತು ದಾಟಿದ ಹೆಂಗಸು, ಕಿವಿ ಇವತ್ತಿಗೂ ಚುರುಕು. ವರಾಂಡಕ್ಕೂ ನಡುಮನೆಗೂ ಮಧ್ಯೆ ಒಂದು ಕಿಟಕಿ ಇದೆ, ಅದರ ಪಕ್ಕದ ಕುರ್ಚಿ ಅವರದು. ಬೀನ್ಸ್ ಬಿಡಿಸುತ್ತಾ ಅವರು ಕೇಳಿಸಿಕೊಂಡ ಪಾಠಕ್ಕೆ ಲೆಕ್ಕವಿಲ್ಲ.

ಹೋದ ವರ್ಷ ಮಳೆಗಾಲ ಮುಗಿಯುತ್ತಿದ್ದ ಹೊತ್ತಿಗೆ ಒಬ್ಬ ಹೆಂಗಸು ಬಂದು ಗೇಟಿನ ಹತ್ತಿರ ನಿಂತರು. ಮೂವತ್ತೈದರ ಆಸುಪಾಸು, ಹೆಗಲಿಗೆ ಆಫೀಸಿನ ಚೀಲ. ಮಗಳ ಟ್ಯೂಷನ್ನಿಗೆ ಕೇಳಲು ಬಂದಿರಬೇಕು ಅಂದುಕೊಂಡೆ. "ಮಗಳಿಗಲ್ಲ ಮೇಡಂ, ನನಗೇ," ಅಂದರು. ಮನೆ ಒಂಟಿಕೊಪ್ಪಲಿನಲ್ಲಿ, ಕೆಲಸ ಯಾದವಗಿರಿಯಲ್ಲಿ, ಮನೆಗಳ ನಕ್ಷೆ ಮಾಡಿಕೊಡುವ ಒಂದು ಆಫೀಸಿನಲ್ಲಿ. ಡಿಪ್ಲೊಮಾದಲ್ಲಿ ಎಲ್ಲ ಪಾಸಾಗಿ ಈ ಒಂದೇ ಪೇಪರು ಉಳಿದುಹೋಗಿತ್ತು. ಆಮೇಲೆ ಮದುವೆ, ಬಾಣಂತನ, ಮನೆ, ಕೆಲಸ ಅಂತ ಹದಿನಾಲ್ಕು ವರ್ಷ ಸರಿದಿತ್ತು. ನಡುವೆ ಐದು ಸಲ ಪರೀಕ್ಷೆ ಕಟ್ಟಿ ಐದು ಸಲವೂ ಹೋಗಿತ್ತು. ಈಗ ಹಳೇ ಸಿಲಬಸ್ಸಿನವರಿಗೆ ಇದೇ ಕೊನೆಯ ಪರೀಕ್ಷೆ ಅಂತ ಸುತ್ತೋಲೆ ಬಂದಿತ್ತು. ಇದೂ ತಪ್ಪಿದರೆ ಮೊದಲ ಸೆಮಿಸ್ಟರಿನಿಂದ ಮತ್ತೆ ಶುರು, ಅಂದರೆ ಇಲ್ಲವೇ ಇಲ್ಲ ಅಂತ ಅರ್ಥ.

"ಕೆಲಸ ಇದೆಯಲ್ಲ, ಸರ್ಟಿಫಿಕೇಟು ಯಾಕಮ್ಮ ಈಗ?" ಅಂತ ಕೇಳಿದೆ. ಅವರು ಚೀಲದಿಂದ ಒಂದು ನಕ್ಷೆ ತೆಗೆದು ಮೇಜಿನ ಮೇಲೆ ಹರವಿದರು. ಎಂಥ ಅಚ್ಚುಕಟ್ಟು ಅಂತೀರಿ. ಬಲಗಡೆಯ ಕೆಳಮೂಲೆಯಲ್ಲಿ ಎಲ್ಲ ನಕ್ಷೆಗಳಲ್ಲೂ ಇರುವಂಥ ಎರಡು ಚೌಕ. ಒಂದು ನಕ್ಷೆ ಬರೆದವರದು, ಇನ್ನೊಂದು ಪರಿಶೀಲಿಸಿದವರದು. ಮೊದಲನೆಯದರಲ್ಲಿ ಇವರ ಇನಿಷಿಯಲ್ಲು, ಎರಡನೆಯದರಲ್ಲಿ ಯಾರದೋ ಸಹಿ. "ವಾರಕ್ಕೊಂದ್ಸಲ ಬರ್ತಾರೆ ಮೇಡಂ. ನಕ್ಷೆ ಬಿಚ್ಚೂ ನೋಡಲ್ಲ, ಮೂಲೆ ಮಡಿಸಿಟ್ರೆ ಅಲ್ಲೇ ಸಹಿ ಹಾಕಿ ಹೋಗ್ತಾರೆ. ಹೋದ್ಸಲ ಮೆಟ್ಟಿಲಿನ ಅಳತೆ ತಪ್ಪು ಕೊಟ್ಟಿದ್ರು, ನಾನೇ ತಿದ್ದಿದ್ದು. ಆದ್ರೆ ಆ ಚೌಕ ನನ್ನದಲ್ಲ. ಈ ಪೇಪರ್ ಒಂದು ಆಗ್ಬುಟ್ರೆ ಲೈಸೆನ್ಸಿಗೆ ಹಾಕಬೋದು, ಆ ಚೌಕದಲ್ಲಿ ನನ್ನ ಹೆಸರು ಬರತ್ತೆ," ಅಂದರು. ಅವರು ಅಳಲಿಲ್ಲ, ಬೇಡಿಕೊಳ್ಳಲೂ ಇಲ್ಲ. ಆ ಚೌಕವನ್ನು ಬೆರಳಿನಿಂದ ಒಂದು ಸಲ ಮುಟ್ಟಿ ನಕ್ಷೆ ಸುತ್ತಿಟ್ಟುಕೊಂಡರು.

ನಾಳೆ ಬೆಳಿಗ್ಗೆ ಆರೂವರೆಗೆ ಬನ್ನಿ ಅಂದೆ. ಕಲ್ಲಿಗೂ ಕಲಿಸುತ್ತೇನೆ ಅನ್ನುವ ಧೈರ್ಯ ನನ್ನದು, ಇವರು ಕಲ್ಲೂ ಅಲ್ಲ.

ಹೆಂಗಸು ಚುರುಕು. ಲೆಕ್ಕದಲ್ಲಿ ಕೂಡುವುದು ಕಳೆಯುವುದು ತಪ್ಪುತ್ತಿರಲಿಲ್ಲ, ಅಕ್ಷರ ಅಚ್ಚು ಹಾಕಿದ ಹಾಗೆ. ಆದರೆ ಆ ಸೊನ್ನೆಯ ಪ್ರಶ್ನೆ ಬಂದರೆ ಸಾಕು, ತೊಲೆಯ ಎರಡು ತುದಿಗಳಲ್ಲಿ ಸ್ಲೋಪ್ ಸೊನ್ನೆ ಅಂತ ಬರೆದುಬಿಡುತ್ತಿದ್ದರು. ಅಲ್ಲ ಕಣಮ್ಮ, ತುದಿಯಲ್ಲಿ ಸೊನ್ನೆಯಾಗುವುದು ಡಿಫ್ಲೆಕ್ಷನ್, ಸ್ಲೋಪ್ ಅಲ್ಲ. ಸ್ಲೋಪ್ ಸೊನ್ನೆಯಾಗುವುದು ನಟ್ಟನಡುವೆ ಅಂತ ಬಿಡಿಸಿ ಹೇಳಿದೆ. ತಲೆಯಾಡಿಸಿದರು. ಮರುದಿನ ಮತ್ತೆ ಅದೇ. ಬೋರ್ಡಿನ ತುಂಬ ಚಿತ್ರ ಬರೆದೆ, ಬಣ್ಣದ ಸೀಮೆಸುಣ್ಣ ತಂದೆ, ಸೂತ್ರಗಳ ಪಟ್ಟಿ ಬಾಯಿಪಾಠ ಮಾಡಿಸಿದೆ. ಪಟ್ಟಿ ಮುಂದಿದ್ದರೆ ಸರಿ, ಪಟ್ಟಿ ಮಡಿಸಿಟ್ಟರೆ ಮತ್ತೆ ತುದಿಯಲ್ಲೇ ಸೊನ್ನೆ. ಯಾಕೆ ಅಂತ ಕೇಳಿದರೆ, "ತುದಿ ಗೋಡೆ ಮೇಲೆ ಕೂತಿದೆಯಲ್ಲ ಮೇಡಂ, ಅಲ್ಲಿ ಏನೂ ಆಗಲ್ಲ ಅನ್ನಿಸ್ಬುಡತ್ತೆ," ಅನ್ನುತ್ತಿದ್ದರು.

ನವರಾತ್ರಿಗೆ ಹತ್ತು ದಿನ ಇರುವಾಗ ಒಂದು ಬೆಳಿಗ್ಗೆ ಆರನೇ ಸಲವೋ ಏಳನೇ ಸಲವೋ ಅದೇ ತಪ್ಪು ಕಂಡಿತು. ನನಗೆ ತಲೆಗೇರಿತು. ಪೆನ್ನು ಮೇಜಿನ ಮೇಲೆ ಎಸೆದು, "ಬಿಡಿ, ಇದು ನಿಮ್ಮ ತಲೆಗೆ ಹತ್ತೋದಲ್ಲ," ಅಂದುಬಿಟ್ಟೆ. ಅವರು ಪುಸ್ತಕ ಮುಚ್ಚಿ, ಸ್ಕೇಲು ಪೆನ್ಸಿಲು ಜೋಡಿಸಿಕೊಂಡು, ಬರ್ತೀನಿ ಮೇಡಂ ಅಂತ ಎಂದಿನ ಹಾಗೇ ಹೇಳಿ ಹೊರಟರು. ಮರುದಿನ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ.

"ನಿನ್ನ ನಾಲಿಗೆ ಒಂದು," ಅಂದರು ಅತ್ತೆ ಕಿಟಕಿಯ ಆ ಕಡೆಯಿಂದ. "ಐದು ಸಲ ಫೇಲಾಗಿಯೂ ಆರನೇ ಸಲ ಬಂದವಳಿಗೆ ಹೇಳೋ ಮಾತಾ ಅದು?" ನಾನು ಸುಮ್ಮನಿರಲಿಲ್ಲ, ಕೋಪ ಮಾಡಿದರೇ ಮಕ್ಕಳು ಕಲಿಯೋದು ಅಂತ ವಾದಿಸಿದೆ. ಬೆಳಿಗ್ಗೆ ಆರೂವರೆಗೆ ಗೇಟಿನ ಕಡೆ ಕಣ್ಣು ಹೋಗುತ್ತಿತ್ತು, ನಿಜ. ಆದರೂ ಫೋನು ಕೈಗೆತ್ತಿಕೊಳ್ಳಲಿಲ್ಲ. ನಾನು ಹೇಳಿದ್ದು ಕಟುವಾಗಿದ್ದರೂ ಸುಳ್ಳಲ್ಲ ಅನ್ನುವ ಹಮ್ಮು ಇತ್ತು.

ಅಷ್ಟರಲ್ಲಿ ಬೊಂಬೆ ಕೂರಿಸುವ ಗಡಿಬಿಡಿ ಶುರುವಾಯಿತು. ಅತ್ತೆಯ ಅಜ್ಜ ಅರಮನೆಯ ಉಗ್ರಾಣದಲ್ಲಿ ಕೆಲಸಕ್ಕಿದ್ದವರು, ಹಾಗಾಗಿ ತೌರಿನಿಂದ ಬಂದ ಬೊಂಬೆಗಳು ಅವರಿಗೆ ಪ್ರಾಣ. ಮರದ ಪಟ್ಟದ ಬೊಂಬೆಗಳು, ಅಂದರೆ ರಾಜ ರಾಣಿ, ಮೇಲಿನ ಮೆಟ್ಟಿಲಿನ ನಡುವೆ. ಕೆಳಗೆ ಸಾಲಾಗಿ ದೇವರು, ಸಿಪಾಯಿಗಳು, ಬ್ಯಾಂಡಿನವರು, ಆನೆ, ಕೊನೆಗೆ ಮಣ್ಣಿನ ಶೆಟ್ಟರು ಮತ್ತು ಅವರ ದಿನಸಿ ಅಂಗಡಿ. ಇಷ್ಟು ವರ್ಷ ಮೆಟ್ಟಿಲು ಕಟ್ಟುತ್ತಿದ್ದುದು ಟ್ರಂಕು, ಎಣ್ಣೆ ಡಬ್ಬ, ಹಳೇ ಪುಸ್ತಕದ ಪೆಟ್ಟಿಗೆಗಳನ್ನು ಜೋಡಿಸಿ ಅದರ ಮೇಲೆ ಹಲಗೆ ಇಟ್ಟು. ಎರಡು ಮೊಳಕ್ಕೊಂದು ಡಬ್ಬ ಇರಬೇಕು ಅನ್ನುವುದು ಅತ್ತೆಯ ಕಾನೂನು. ಅಟ್ಟದಿಂದ ಡಬ್ಬ ಇಳಿಸಿ ಇಳಿಸಿ ನನ್ನ ಸೊಂಟ ಬಿದ್ದುಹೋಗಿತ್ತು.

ಆ ವರ್ಷ ನಾನು ಡಬ್ಬಗಳಿಗೆ ಮಂಗಳ ಹಾಡಿದೆ. ಎರಡು ಕೊನೆಗೆ ಮೆಟ್ಟಿಲಾಕಾರದ ಎರಡು ಸ್ಟ್ಯಾಂಡು, ಅವುಗಳ ಮೇಲೆ ಒಂಬತ್ತು ಅಡಿಯ ಐದು ಹಲಗೆ, ನಡುವೆ ಏನೂ ಇಲ್ಲ. ಹಬ್ಬ ಮುಗಿದರೆ ಹಲಗೆ ಎತ್ತಿ ಗೋಡೆಗೆ ಒರಗಿಸಿಬಿಡಬಹುದು. ಹಲಗೆ ಹತ್ತು ಇಂಚು ಅಗಲ, ಒಂದು ಇಂಚು ದಪ್ಪ. ಬೊಂಬೆಗಳನ್ನು ಅಡಿಗೆಮನೆಯ ತಕ್ಕಡಿಯಲ್ಲಿ ತೂಗಿ, ಒಂದು ಹಾಳೆಯ ಮೇಲೆ ಲೆಕ್ಕ ಹಾಕಿದೆ. ಬಾಗು ಬಂದದ್ದು ಕೂದಲೆಳೆಯಷ್ಟು. ಬಡಗಿಯವರು ಹಲಗೆ ತಂದ ದಿನ ತಲೆ ಕೆರೆದುಕೊಂಡು, "ನಡುವೆ ಒಂದು ಕಾಲು ಕೊಟ್ಬುಡ್ಲಾ ಮೇಡಂ?" ಅಂತ ಕೇಳಿದರು. ನಾನು ಹಾಳೆ ತೋರಿಸಿದೆ. "ನೀವು ಓದಿದೋರು, ಅಂಗೇ ಆಗ್ಲಿ ಬುಡಿ," ಅಂದರು. ಅತ್ತೆ ಬಿಳಿ ಪಂಚೆ ಹಾಸಲು ಬಂದರೆ ಅದನ್ನೂ ಬೇಡ ಅಂದೆ. ಪಾಲಿಶ್ ಮಾಡಿಸಿದ ಹೊಸ ಹಲಗೆ, ನಾಲ್ಕು ಜನ ನೋಡಲಿ ಅಂತ.

ಮೊದಲ ದಿನ ಎಲ್ಲ ಚೆನ್ನಾಗಿಯೇ ಕಂಡಿತು. ಎರಡನೇ ದಿನ ಬೆಳಿಗ್ಗೆ ಅತ್ತೆ ನನ್ನನ್ನು ಕರೆದರು. ಶೆಟ್ಟರ ಅಂಗಡಿ ಕೆಳಗಿನ ಹಲಗೆಯ ಎಡತುದಿಯಲ್ಲಿತ್ತು. ಅಂಗಡಿಯ ಮುಂದೆ ಒಂದು ಪುಟ್ಟ ಹಿತ್ತಾಳೆ ತಟ್ಟೆಯಲ್ಲಿ ಹಳದಿ ಗಾಜಿನ ಗೋಲಿಗಳನ್ನು ಲಾಡು ಅಂತ ರಾಶಿ ಹಾಕಿಡುವುದು ಅವರ ಪದ್ಧತಿ. ಆ ಲಾಡುಗಳಲ್ಲಿ ಮೂರು ಹಲಗೆಯ ನಡುವೆ, ಆನೆಯ ಕಾಲ ಬುಡದಲ್ಲಿ ಹೋಗಿ ಕೂತಿದ್ದವು. "ಹಲ್ಲಿ ತಳ್ಳಿರಬೇಕು ಬಿಡಿ," ಅಂದೆ. ಮೂರನೇ ದಿನ ಐದು ಲಾಡು ಆನೆಯ ಹತ್ತಿರ. ಸಾಲದ್ದಕ್ಕೆ ಎರಡೂ ತುದಿಯ ಸಿಪಾಯಿಗಳು ಒಳಗಡೆಗೆ ವಾಲಿ, ಒಬ್ಬರಿಗೊಬ್ಬರು ನಮಸ್ಕಾರ ಮಾಡುವ ಹಾಗೆ ಕಾಣುತ್ತಿದ್ದರು. "ಹಲಗೆ ಬಾಗಿದೆ ಕಣೇ," ಅಂದರು ಅತ್ತೆ. "ನಿಮ್ಮ ಕಣ್ಣು ಪರೀಕ್ಷೆ ಮಾಡಿಸಬೇಕು," ಅಂದೆ ನಾನು. ಲೆಕ್ಕ ಮುಗಿದ ವಿಷಯದ ಮೇಲೆ ಮತ್ತೆ ಮಾತೇನು?

ಅವತ್ತು ಸಂಜೆ ಅರಿಶಿನ ಕುಂಕುಮಕ್ಕೆ ಬಂದವರಲ್ಲಿ ಆ ಹೆಂಗಸೂ ಇದ್ದರು. ಅತ್ತೆ ನನಗೆ ಹೇಳದೆ ಫೋನು ಮಾಡಿ ಕರೆದಿದ್ದರು. ಉಟ್ಟದ್ದು ರೇಷ್ಮೆ ಸೀರೆ, ತಲೆಗೆ ಮಲ್ಲಿಗೆ, ಕೈಯಲ್ಲಿ ಮಾತ್ರ ನಾನು ಓದಲು ಕೊಟ್ಟಿದ್ದ ಪುಸ್ತಕ. ಕುಂಕುಮ ಇಟ್ಟುಕೊಂಡು, ಬೊಂಬೆಗೆ ಕೈ ಮುಗಿದು, ಪುಸ್ತಕವನ್ನು ನನ್ನ ಕಡೆ ಚಾಚಿದರು. "ಈ ಸಲ ಕೂರಲ್ಲ ಅಂತ ಆಫೀಸಲ್ಲೂ ಹೇಳ್ಬುಟ್ಟೆ ಮೇಡಂ. ನೀವು ಬೇಜಾರ್ ಮಾಡ್ಕೋಬೇಡಿ. ನೀವು ಹೇಳಿದ್ದು ನಿಜಾನೇ." ಅವರ ದನಿಯಲ್ಲಿ ನನ್ನ ಮೇಲೆ ಒಂದಿಷ್ಟೂ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಹಗುರವಾಗುತ್ತಿತ್ತು. ಪುಸ್ತಕ ಕೈಗೆ ತೆಗೆದುಕೊಂಡಾಗ ನನಗೆ ನಿಜವಾಗಿಯೂ ಸಂಕಟವಾಯಿತು.

ಆ ಹೊತ್ತಿಗೇ ಅತ್ತೆ, "ಬಂದಿದೀಯಲ್ಲ, ನೀನಾದರೂ ಹೇಳಮ್ಮ, ಈ ಹಲಗೆ ಬಾಗಿದೆಯೋ ಇಲ್ಲವೋ," ಅಂತ ಅವರನ್ನು ಬೊಂಬೆಯ ಮುಂದೆ ನಿಲ್ಲಿಸಿದರು. ನನಗೆ ಮತ್ತೆ ರೇಗಿತು. ಒಳಗೆ ಹೋಗಿ ಲೆಕ್ಕದ ಹಾಳೆ ತಂದು ಅವರ ಕೈಗೇ ಕೊಟ್ಟೆ. "ನೋಡಿ ಹೇಳಿ ಇವರಿಗೆ. ಕೂದಲೆಳೆಗಿಂತ ಜಾಸ್ತಿ ಬಾಗೋ ಹಾಗಿಲ್ಲ."

ಅವರು ಹಾಳೆಯನ್ನು ಸುಮ್ಮನೆ ಓದಲಿಲ್ಲ. ನಕ್ಷೆ ಬರೆಯುವವರ ಕಣ್ಣು ಅದು, ಒಂದೊಂದು ಅಳತೆಗೂ ಹಾಳೆಯಿಂದ ಹಲಗೆಗೆ, ಹಲಗೆಯಿಂದ ಹಾಳೆಗೆ ಹೋಗಿ ಬರುತ್ತಿತ್ತು. ಒಂದು ಕಡೆ ನಿಂತಿತು. ಅವರು ನನ್ನ ಮುಖ ನೋಡಿದರು, ಮತ್ತೆ ಹಾಳೆ ನೋಡಿದರು. ಆಮೇಲೆ ಬಹಳ ಮೆತ್ತಗೆ, "ಮೇಡಂ, ಹಲಗೆ ಮಲಗಿದೆ ಅಲ್ವಾ? ನೀವು ನಿಲ್ಲಿಸಿ ಲೆಕ್ಕ ಹಾಕಿದೀರ," ಅಂದರು.

ನನಗೆ ಮುಖಕ್ಕೆ ನೀರು ಎರಚಿದ ಹಾಗಾಯಿತು. ಸ್ಕೇಲನ್ನು ಮಲಗಿಸಿ ಒತ್ತಿದರೆ ಸಲೀಸಾಗಿ ಬಾಗುತ್ತದೆ, ಅಂಚಿನ ಮೇಲೆ ನಿಲ್ಲಿಸಿ ಒತ್ತಿದರೆ ಕದಲುವುದಿಲ್ಲ; ಇದನ್ನು ನಾನು ಪ್ರತಿ ತರಗತಿಗೂ ಮೊದಲ ದಿನವೇ ಮಾಡಿ ತೋರಿಸಿದವಳು. ಸೂತ್ರದಲ್ಲಿ ಅಗಲ ಒಂದೇ ಸಲ ಬರುತ್ತದೆ, ಎತ್ತರ ಮೂರು ಸಲ ಗುಣಿಸಿಕೊಂಡು ಬರುತ್ತದೆ. ಪಾಠದ ಬೀಮುಗಳೆಲ್ಲ ಅಗಲ ಕಮ್ಮಿ, ಎತ್ತರ ಜಾಸ್ತಿ. ಅವುಗಳನ್ನೇ ಬರೆದು ಬರೆದು ಕೈ ತಾನಾಗಿಯೇ ಹತ್ತು ಇಂಚನ್ನು ಎತ್ತರ ಮಾಡಿ, ಒಂದು ಇಂಚನ್ನು ಅಗಲ ಮಾಡಿತ್ತು. ನೂರು ಪಟ್ಟು ತಪ್ಪು. ಏನೂ ಓದದವರು ಈ ತಪ್ಪು ಮಾಡುವ ಹಾಗೇ ಇಲ್ಲ. ಅವರು ಹಲಗೆ ನೋಡಿ ನಡುವೆ ಒಂದು ಡಬ್ಬ ಇಡುತ್ತಾರೆ. ಇದು ನನ್ನಂಥವಳೇ ಮಾಡಬೇಕಾದ ತಪ್ಪು.

ಅತ್ತೆಗೆ ಸೂತ್ರ ಅರ್ಥವಾಗದಿದ್ದರೂ ನನ್ನ ಮುಖ ಅರ್ಥವಾಯಿತು. ಸೆರಗು ಬಾಯಿಗೆ ಒತ್ತಿಕೊಂಡರು. "ತಪ್ಪು ನನ್ನದೇ," ಅಂದೆ. ಎಷ್ಟು ವರ್ಷಗಳ ಮೇಲೆ ಹೇಳಿದ ಮಾತೋ, ನಾಲಿಗೆಗೆ ಒಗ್ಗಲಿಲ್ಲ.

ಆ ಹೆಂಗಸು ನನ್ನನ್ನು ನೋಡುತ್ತಿರಲಿಲ್ಲ. ಬಗ್ಗಿ ಕೆಳಗಿನ ಹಲಗೆ ನೋಡುತ್ತಿದ್ದರು. ಆನೆಯ ಕಾಲ ಬುಡದಿಂದ ಒಂದು ಹಳದಿ ಗೋಲಿ ತೆಗೆದು ಎಡತುದಿಯಲ್ಲಿ ಶೆಟ್ಟರ ಪಕ್ಕ ಇಟ್ಟು ಕೈ ಬಿಟ್ಟರು. ಗೋಲಿ ನಿಧಾನವಾಗಿ ಹೊರಟು ನಡುವೆ ಬಂದು, ಕೊಂಚ ಮುಂದೆ ಹೋಗಿ, ಹಿಂದೆ ಬಂದು ನಿಂತಿತು. ಬಲತುದಿಯಲ್ಲಿ ಇಟ್ಟರು. ಅಲ್ಲಿಂದಲೂ ಬಂದು ಆನೆಯ ಹತ್ತಿರವೇ ನಿಂತಿತು. ನಾನು ವಿವರಿಸಲು ಬಾಯಿ ತೆಗೆದೆ. ಅತ್ತೆ ನನ್ನ ಮೊಣಕೈ ಹಿಡಿದು, "ನೀನು ಸುಮ್ನಿರು," ಅಂದರು. ಸುಮ್ಮನಿದ್ದೆ. ಇಡೀ ಜೀವನದಲ್ಲಿ ನಾನು ಮಾಡಿದ ಅತಿ ಒಳ್ಳೆಯ ಪಾಠ ಅದೇ ಇರಬೇಕು.

"ತುದಿ ಸ್ಟ್ಯಾಂಡಿನ ಮೇಲೇ ಇದೆ. ಒಂದು ಕಾಳಷ್ಟೂ ಇಳಿದಿಲ್ಲ," ಅಂತ ತಮ್ಮಷ್ಟಕ್ಕೆ ತಾವೇ ಹೇಳಿಕೊಂಡರು. "ಆದ್ರೆ ಗೋಲಿ ನಿಲ್ತಿಲ್ಲ. ಇಳಿಯದೇ ಇದ್ರೂ ಓರೆಯಾಗಿದೆ." ಮೇಲಿನ ಮೆಟ್ಟಿಲಿನ ರಾಜ ರಾಣಿಯನ್ನು ನೋಡಿದರು. ನಟ್ಟನಡುವೆ ಇದ್ದ ಅವರು ಆ ಸಾಲಿನ ಎಲ್ಲರಿಗಿಂತ ಕೆಳಗಿಳಿದಿದ್ದರೂ ನೆಟ್ಟಗೆ ನಿಂತಿದ್ದರು. ವಾಲಿದ್ದವರು ಎರಡು ತುದಿಯ ಬೊಂಬೆಗಳು. "ನಡುವೆ ಎಲ್ಲಕ್ಕಿಂತ ಜಾಸ್ತಿ ಇಳಿದಿದೆ, ಓರೆ ಮಾತ್ರ ಇಲ್ಲ. ಗೋಲಿ ನಿಂತ ಕಡೆ ಸ್ಲೋಪ್ ಸೊನ್ನೆ." ತಿರುಗಿ ನನ್ನನ್ನು ನೋಡಿ, "ಇಷ್ಟೇನಾ ಮೇಡಂ?" ಅಂತ ಕೇಳಿದರು. ಹದಿನಾಲ್ಕು ವರ್ಷದ ಹಿಂದೆ ಯಾರಾದರೂ ಒಂದು ಗೋಲಿ ಕೊಟ್ಟಿದ್ದರೆ ಸಾಕಾಗಿತ್ತು ಅನ್ನುವುದು ಆ ಪ್ರಶ್ನೆಯಲ್ಲೇ ಇತ್ತು. ಇಷ್ಟೇ ಕಣಮ್ಮ ಅಂದೆ.

ರೇಷ್ಮೆ ಸೀರೆ ಸಿಕ್ಕಿಸಿಕೊಂಡು ಅಲ್ಲೇ ನೆಲದ ಮೇಲೆ ಕೂತರು. ಇನ್ನೊಂದು ಹಾಳೆ ಇಸಿದುಕೊಂಡು, ಹಲಗೆಯನ್ನು ಮಲಗಿಸಿಯೇ ಲೆಕ್ಕ ಶುರುಮಾಡಿದರು. ಸೊನ್ನೆಯ ಪ್ರಶ್ನೆ ಬಂದಾಗ ತಡೆಯಲೇ ಇಲ್ಲ, ನಡುವೆ ಸ್ಲೋಪ್ ಸೊನ್ನೆ, ತುದಿಯಲ್ಲಿ ಡಿಫ್ಲೆಕ್ಷನ್ ಸೊನ್ನೆ ಅಂತ ಬರೆದು ಮುಂದಕ್ಕೆ ಹೋದರು. ಉತ್ತರ ಇಪ್ಪತ್ತು ಮಿಲಿಮೀಟರು. ತುದಿಯಿಂದ ತುದಿಗೆ ಹೂ ಕಟ್ಟುವ ದಾರ ಬಿಗಿದು, ನಡುವೆ ಸ್ಕೇಲು ಇಟ್ಟು ಅಳೆದೆವು. ಇಪ್ಪತ್ತಾರು ಬಂತು. "ಆರು ಎಲ್ಲಿಂದ ಬಂತು ಮೇಡಂ, ನಂದೂ ತಪ್ಪಾ?" ಅಂತ ಗಾಬರಿಯಾದರು. ಇಲ್ಲ, ಮರಕ್ಕೆ ಭಾರ ಹೊತ್ತು ದಿನ ಕಳೆದರೆ ಸುಸ್ತಾಗಿ ಇನ್ನಷ್ಟು ಕುಗ್ಗುತ್ತದೆ, ಅದು ಪುಸ್ತಕದ ಈ ಅಧ್ಯಾಯದಲ್ಲಿಲ್ಲ ಅಂದೆ. ಅತ್ತೆ ಕೋಸಂಬರಿ ತಂದಿಟ್ಟರು. ಅವರು ಲೆಕ್ಕ ಮುಗಿಯುವವರೆಗೂ ಅದನ್ನು ಮುಟ್ಟಲಿಲ್ಲ.

ಆಮೇಲೆ ಮೂವರೂ ಸೇರಿ ಅಟ್ಟದಿಂದ ಐದು ಡಬ್ಬ ಇಳಿಸಿ ಪ್ರತಿ ಹಲಗೆಯ ನಡುವೆಯೂ ಒಂದೊಂದು ಕೊಟ್ಟೆವು. ತೊಲೆಯ ಉದ್ದ ಅರ್ಧವಾದರೆ ಬಾಗು ಹದಿನಾರನೇ ಒಂದು ಪಾಲಿಗೆ ಇಳಿಯುತ್ತದೆ ಅಂತ ಆಕೆ ಅತ್ತೆಗೆ ವಿವರಿಸುತ್ತಿದ್ದರು. "ಅದನ್ನೇ ನಾನು ಡಬ್ಬ ಅಂತ ಹೇಳ್ತಿದ್ದೆ ಕಣಮ್ಮ, ಇವಳು ಕೇಳಬೇಕಲ್ಲ," ಅಂದರು ಅತ್ತೆ. ಹೊರಡುವಾಗ ನಾನು ಪುಸ್ತಕವನ್ನು ಅವರ ಚೀಲಕ್ಕೆ ತುರುಕಿ, ನಾಳೆ ಆರೂವರೆಗೆ ಅಂದೆ. ಕ್ಷಮಿಸಿ ಅನ್ನಬೇಕಿತ್ತು. ಅದು ಬಾಯಿಗೆ ಬರಲಿಲ್ಲ.

ಮರುದಿನದಿಂದ ಅವರು ಒಂದು ದಿನವೂ ತಪ್ಪಿಸಲಿಲ್ಲ. ಗೋಲಿ ಒಂದು ಅವರ ಪೆನ್ಸಿಲ್ ಡಬ್ಬಿಯಲ್ಲೇ ಇತ್ತು, ಅತ್ತೆಯೇ ಕೊಟ್ಟಿದ್ದು. ಒಂದೇ ಕಡೆ ಭಾರ ಇಟ್ಟ ತೊಲೆ, ಎರಡು ಕಡೆ ಇಟ್ಟ ತೊಲೆ, ಅರ್ಧಕ್ಕೆ ಮಾತ್ರ ಭಾರ ಹರಡಿದ ತೊಲೆ, ಎಲ್ಲವನ್ನೂ ಅರೆದು ಕುಡಿದೆವು. ನಾನೂ ಬದಲಾಗಲು ಪ್ರಯತ್ನಪಟ್ಟೆ. ಪೆನ್ನು ಎಸೆಯುವುದನ್ನು ಬಿಟ್ಟೆ, ಗಂಟಲು ಮಾತ್ರ ಹಾಗೇ ಇತ್ತು.

ಪರೀಕ್ಷೆಯ ದಿನ ಮಧ್ಯಾಹ್ನ ಅವರು ಸೀದಾ ನಮ್ಮ ಗೇಟಿಗೇ ಬಂದರು. "ಬಾಲ್ಕನಿ ಥರದ್ದು ಕೊಟ್ಬುಟ್ಟಿದ್ರು ಮೇಡಂ," ಅಂದರು. ಒಂದು ಕಡೆ ಗೋಡೆಯೊಳಗೆ ಹೂತು, ಇನ್ನೊಂದು ಕಡೆ ಗಾಳಿಯಲ್ಲಿ ಚಾಚಿಕೊಂಡ ತೊಲೆ ಅದು. ಅಲ್ಲಿ ಸೊನ್ನೆಯ ಲೆಕ್ಕವೇ ಬೇರೆ. ಹಬ್ಬದ ನಂತರ ನಾವು ಅಂಥದ್ದನ್ನು ಎರಡೇ ಎರಡು ಮಾಡಿದ್ದೆವು. ನಡುವೆ ಸೊನ್ನೆ ಅಂತ ಬರೆದಿದ್ದರೆ ಎಲ್ಲ ಮುಗಿದ ಹಾಗೆಯೇ. ಏನು ಬರೆದಿರಿ ಅಂತ ಕೇಳಲೂ ನನಗೆ ಧೈರ್ಯ ಬರಲಿಲ್ಲ.

"ಮನಸ್ಸಲ್ಲೇ ಗೋಲಿ ಇಟ್ಟು ನೋಡ್ದೆ," ಅಂದರು. "ಎಲ್ಲಿಟ್ರೂ ಉರುಳ್ಕೊಂಡು ಹೋಗಿ ತುದಿಯಿಂದ ಬಿದ್ದೋಯ್ತು. ಗೋಡೆ ಬುಡದಲ್ಲಿ ಇಟ್ಟಾಗ ಮಾತ್ರ ನಿಂತ್ಕೊಳ್ತು. ಅಲ್ಲೇ ಸೊನ್ನೆ ಹಾಕ್ದೆ." ನಾನು ಗೇಟಿನ ಕಂಬಿ ಹಿಡಿದುಕೊಂಡೆ. ಸರಿ, ಅಂದೆ. ಸರಿ, ಸರಿ ಅಂತ ಮ‌ತ್ತೆರಡು ಸಲ ಅಂದೆ.

ಫಲಿತಾಂಶ ಬಂದಾಗ ಅವರು ಪಾಸಾಗಿದ್ದರು. ಅತ್ತೆ ಕಾಫಿ ಮಾಡಿಸಿ, ಸಕ್ಕರೆ ಡಬ್ಬ ಎದುರಿಗೆ ತಂದು, ಅವರ ಬಾಯಿಗೆ ಒಂದು ಚಮಚ ಹಾಕಿದರು. ಕಾಫಿ ಕುಡಿದು ಲೋಟ ಇಟ್ಟು, ಅವರು ಹಾಲ್‌ಟಿಕೆಟ್ಟಿನ ಪ್ಲಾಸ್ಟಿಕ್ ಕವರಿನಿಂದ ಮಡಿಸಿದ ಒಂದು ಹಾಳೆ ತೆಗೆದರು. ನೋಡಿದರೆ ನನ್ನ ಕೈಬರಹ, ಹಲಗೆಯನ್ನು ನಿಲ್ಲಿಸಿ ಹಾಕಿದ ಆ ತಪ್ಪು ಲೆಕ್ಕ. ಎಲ್ಲೋ ಕಳೆದುಹೋಯಿತು, ಒಳ್ಳೆಯದೇ ಆಯಿತು ಅಂದುಕೊಂಡಿದ್ದೆ.

"ಅವತ್ತು ಕೇಳದೆ ತಗೊಂಡು ಹೋದೆ ಮೇಡಂ, ತಪ್ಪು ತಿಳ್ಕೋಬೇಡಿ. ಪರೀಕ್ಷೆ ದಿನ ಹಾಲ್ ಹೊರಗೇ ನಿಂತ್ಬುಟ್ಟಿದ್ದೆ. ಇದನ್ನ ತೆಗೆದು ಓದ್ಕೊಂಡೆ. ನಿಮ್ಮಂಥವರಿಗೂ ತಪ್ಪತ್ತೆ, ನಾನು ಅದನ್ನ ಕಂಡುಹಿಡಿದಿದ್ದೆ. ಅಂದ್ಮೇಲೆ ನನ್ನ ತಲೆಗೆ ಹತ್ತಲ್ಲ ಅನ್ನೋದು ಸುಳ್ಳು ಅನ್ನಿಸ್ತು. ಆಮೇಲೆ ಒಳಗೆ ಹೋದೆ."

ನಾನು ಎಸೆದ ಮಾತನ್ನು ಇಷ್ಟು ದಿನ ಹೊತ್ತುಕೊಂಡು ತಿರುಗಿದ್ದರು. ಅತ್ತೆ ನನ್ನ ಕಡೆ ನೋಡಲಿಲ್ಲ, ಬೇಕೆಂದೇ ಕಿಟಕಿಯ ಹೊರಗೆ ನೋಡುತ್ತಿದ್ದರು. ಈಗಲಾದರೂ ಕ್ಷಮಿಸಿ ಅಂದೆ. ಮೆಲ್ಲಗೆ ಅಂದೆ, ಆದರೂ ಕೇಳಿಸಿತು. ಆಮೇಲೆ ಆ ಹಾಳೆಯನ್ನು ಮೇಜಿನ ಮೇಲಿಟ್ಟು, ಸ್ಕೇಲು ತೆಗೆದುಕೊಂಡು, ಬಲಗಡೆಯ ಕೆಳಮೂಲೆಯಲ್ಲಿ ಎರಡು ಚೌಕ ಗೀಚಿದೆ. ಮೊದಲನೆಯದರಲ್ಲಿ ಲೆಕ್ಕ ಮಾಡಿದವರು ಅಂತ ಬರೆದು ನನ್ನ ಸಹಿ ಹಾಕಿದೆ. ಎರಡನೆಯದರಲ್ಲಿ ಪರಿಶೀಲಿಸಿದವರು ಅಂತ ಬರೆದು, ಪೆನ್ನನ್ನು ಅವರ ಕಡೆ ತಿರುಗಿಸಿ ಕೊಟ್ಟೆ.

ಅವರು ಪೆನ್ನು ಹಿಡಿದುಕೊಂಡು, ಆ ಚೌಕವನ್ನು ಬೆರಳಿನಿಂದ ಒಂದು ಸಲ ಮುಟ್ಟಿದರು.

"ಇನಿಷಿಯಲ್ ಸಾಕಾ ಮೇಡಂ?"

"ಬೇಡ, ಪೂರ್ತಿ ಹೆಸರು ಬರೀರಿ," ಅಂದೆ.

ಒಂದೊಂದೇ ಅಕ್ಷರ ಬರೆದರು. ನಾನು ಚೌಕವನ್ನು ಸಣ್ಣದಾಗಿ ಹಾಕಿಬಿಟ್ಟಿದ್ದೆ. ಅವರ ಹೆಸರು ಗೆರೆ ದಾಟಿಕೊಂಡು ಆಚೆಗೆ ಹೋಯಿತು.